ಅಕ್ಕಿ ಡಬ್ಬಕ್ಕೆ ಫೋನು, ಹಾಡಿಗೆ ಬಾಯಿ

ಅಧ್ಯಕ್ಷತೆ ವಹಿಸಿರುವ ನಮ್ಮ ಪಾಸ್ಟರ್ ಅಯ್ಯನವರೇ, ಮುಖ್ಯ ಅತಿಥಿಗಳಾಗಿ ಪೆನುಕೊಂಡದಿಂದ ಬಂದಿರುವ ನಿವೃತ್ತ ಹೆಡ್ಮಾಸ್ಟರ್ ಲಕ್ಷ್ಮೀಕಾಂತ್ ಸಾರ್ ಅವರೇ, ಇವತ್ತು ನಾವೆಲ್ಲ ಸೇರಿ ಶಾಲು ಹೊದಿಸಲಿರುವ, ಆದರೆ ಶಾಲು ಅಂದರೆ ಸೆಕೆ ಅಂತ ಈಗಲೇ ಮುಖ ಸಿಂಡರಿಸಿ ಕೂತಿರುವ ನಮ್ಮ ರಮಾದೇವಿ ಅಕ್ಕನವರೇ, ಅಕ್ಕನಿಗೆ ಹಾಡು ಕಲಿಸಿದ, ಮುಂದಿನ ಚಾಪೆಯಲ್ಲಿ ಕಾಲು ಚಾಚಿ ಕೂತಿರುವ ಓಬಕ್ಕಜ್ಜಿಯವರೇ, ಹಿಂದೂಪುರ ಮತ್ತು ಕಲ್ಯಾಣದುರ್ಗದ ಎರಡೂ ಯುವಜನ ಸಂಘಗಳ ಗೆಳೆಯರೇ, ಸಭಿಕರೇ, ಅಗೋ ಆ ಟ್ರೈಪಾಡಿನ ಮೇಲಿನ ಫೋನಿನಲ್ಲಿ ನಮ್ಮನ್ನು ಲೈವ್ ನೋಡುತ್ತಿರುವ ದೂರದೂರಿನವರೇ, ಎಲ್ಲರಿಗೂ ಯೇಸುಸ್ವಾಮಿಯ ನಾಮದಲ್ಲಿ ವಂದನೆಗಳು.

ನಾನು ಸುಷ್ಮಾ. ಹಿಂದೂಪುರದವಳು, ಡಿಗ್ರಿ ಕೊನೆಯ ವರ್ಷ. ಈ ಕಲ್ಯಾಣದುರ್ಗ ನಮ್ಮಮ್ಮನ ತವರು. ನನ್ನ ಮುಖ ನಿಮಗೆ ಗುರುತಿರಲಿಕ್ಕಿಲ್ಲ, ಯಾಕೆಂದರೆ ಅದರ ಮುಂದೆ ಯಾವಾಗಲೂ ಒಂದು ಫೋನು ಇರುತ್ತಿತ್ತು. ರಮಾದೇವಿ ಅಕ್ಕನ ಹಾಡುಗಳ ಚಾನೆಲ್ ಇದೆಯಲ್ಲ, ಅದನ್ನು ನಡೆಸುವವಳು ನಾನೇ. ಅಕ್ಕನ ಅಭಿಮಾನಿಗಳ ಗ್ರೂಪಿಗೆ ಅಡ್ಮಿನ್ನೂ ನಾನೇ. ಅಕ್ಕ ಕೆಮ್ಮಿದರೂ ಗ್ರೂಪಿಗೆ ಹಾಕುತ್ತಿದ್ದೆ. ಅದಕ್ಕೂ ಎಲ್ಲರೂ 'ಆಮೆನ್' ಅಂತ ಹಾಕುತ್ತಿದ್ದಿರಿ.

ಐದು ನಿಮಿಷದಲ್ಲಿ ಅಕ್ಕನ ಪರಿಚಯ ಮಾಡಿಕೊಟ್ಟು ಇಳಿದುಬಿಡಮ್ಮ ಅಂದಿದ್ದಾರೆ ಪಾಸ್ಟರ್ ಅಯ್ಯನವರು. ಅಕ್ಕನ ಪರಿಚಯ ಯಾರಿಗೆ ಬೇಕು? ಈ ಊರಲ್ಲಿ ಅಕ್ಕನ ಮಿಷನ್ನಿನಲ್ಲಿ ಹೊಲಿಸಿದ ಬ್ಲೌಸು ಹಾಕದ ಹೆಂಗಸರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿದಿರಾ, ಒಂದು ಕೈಯೂ ಇಲ್ಲ. ಪರಿಚಯ ಮುಗಿಯಿತು. ಉಳಿದ ಟೈಮನ್ನು ನಾನು ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತೇನೆ.

ಆ ಕೆಲಸ ಆಗಲೇ ಶುರುವಾಗಿದೆ. ಗಂಡಸರ ಕಡೆಯಿಂದ ಒಂದು, ಹೆಂಗಸರ ಕಡೆಯಿಂದ ಒಂದು, ಎರಡು ಡಬ್ಬ ಬರುತ್ತಿವೆ, ನೋಡಿ. ನಮ್ಮ ಚರ್ಚಿನ ಹಿಡಿ ಅಕ್ಕಿಯ ಡಬ್ಬಗಳೇ. ತಳದಲ್ಲಿ ಅಕ್ಕಿಯೂ ಇದೆ. ನಿಮ್ಮ ಫೋನು ಸ್ವಿಚ್ ಆಫ್ ಮಾಡಿ, ಅದರೊಳಗೆ ಇಟ್ಟು, ಪಕ್ಕದವರಿಗೆ ದಾಟಿಸಿ. ಸೈಲೆಂಟ್ ಅಲ್ಲ, ಆಫ್. ಮನೆಯಲ್ಲಿ ಹುಷಾರಿಲ್ಲದವರನ್ನು ಬಿಟ್ಟು ಬಂದಿದ್ದರೆ, ಬಾಗಿಲಲ್ಲಿ ರಾಮಾಂಜಿನೇಯಣ್ಣ ನಿಂತಿದ್ದಾರೆ, ಅವರ ಕೈಗೆ ಕೊಡಿ, ಕಾಲ್ ಬಂದರೆ ಅವರು ಕರೆಯುತ್ತಾರೆ. ಮಿಕ್ಕವರಿಗೆ ರಿಯಾಯಿತಿ ಇಲ್ಲ. ಫೋನಿಗೆ ಅಕ್ಕಿ ಧೂಳು ಹಿಡಿಯುತ್ತೆ ಅಂತ ಅಲ್ಲಿ ಯಾರೋ ಗೊಣಗುತ್ತಿದ್ದೀರಿ. ಬಕೆಟ್ಟಿಗೆ ಬಿದ್ದ ಫೋನನ್ನು ತೇವ ಹೀರಲಿ ಅಂತ ನೀವೇ ತಾನೇ ಅಕ್ಕಿಯಲ್ಲಿ ಹೂತಿಡೋದು? ಇವತ್ತು ಹಾಗೇ ಅಂದುಕೊಳ್ಳಿ. ನೆಂದು ತೊಪ್ಪೆಯಾಗಿರೋದು ಫೋನಲ್ಲ, ನಾವು. ಅಷ್ಟೇ ವ್ಯತ್ಯಾಸ.

ಯಾಕೆ ಇದೆಲ್ಲ? ಅಕ್ಕ ಇವತ್ತು ಹಾಡಬೇಕು ಅಂತ. ಅಕ್ಕ ಹಾಡು ಬಿಟ್ಟಿದ್ದಾರೆ ಅನ್ನೋದು ನಿಮಗೆಲ್ಲ ಗೊತ್ತು. ಯಾಕೆ ಬಿಟ್ಟರು ಅನ್ನೋದು ಗೊತ್ತಾ? ಗಂಟಲು ಕೆಟ್ಟಿದೆ ಅಂದರು ಕೆಲವರು. ಹೆಸರು ಬಂದ ಮೇಲೆ ದೊಡ್ಡಸ್ತಿಕೆ ಬಂತು ಅಂದರು ಕೆಲವರು. ನಮ್ಮ ಗ್ರೂಪಲ್ಲೇ ಅಂದರು. ನಾನು ಆ ಮೆಸೇಜು ಡಿಲೀಟ್ ಮಾಡಿದೆ, ಅಂದವರನ್ನು ತೆಗೆದೂ ಹಾಕಿದೆ. ಅವರಲ್ಲಿ ಒಬ್ಬರು ಮೂರನೇ ಸಾಲಿನಲ್ಲಿ ಕೂತಿದ್ದೀರಿ. ನಮಸ್ಕಾರ ಅಣ್ಣ, ಡಬ್ಬ ನಿಮ್ಮ ಹತ್ತಿರ ಬಂದಿದೆ.

ಸುಗ್ಗಿ ಹಬ್ಬದ ಭಾನುವಾರ ನೆನಪು ಮಾಡಿಕೊಳ್ಳಿ. ಅಕ್ಕನ ಹಾಡು ಒಬ್ಬರು ಹಾಡೋ ಹಾಡಲ್ಲ. ಓಬಕ್ಕಜ್ಜಿ ಕಲಿಸಿದ ರೀತಿಯೇ ಹಾಗೆ. ಅಕ್ಕ ಒಂದು ಸಾಲು ಹಾಡುತ್ತಾರೆ, ಸಭೆ ಅದನ್ನೇ ತಿರುಗಿ ಹಾಡುತ್ತದೆ. ನಾವು ತಿರುಗಿ ಹಾಡಿದ ಮೇಲೇ ಮುಂದಿನ ಸಾಲು. ಓದು ಬರದವರಿಗೂ, ಕಣ್ಣು ಕಾಣದವರಿಗೂ ಹಾಡು ಬರಲಿ ಅಂತ ಹಿರಿಯರು ಮಾಡಿಕೊಂಡ ದಾರಿ. ಆ ಭಾನುವಾರ ಅಕ್ಕ ಮೊದಲ ಸಾಲು ಹಾಡಿ ನಿಲ್ಲಿಸಿದರು. ಏನಾಯಿತು? ಹಿಂದೆ ಯಾರೋ ಬಾಯಿ ತೆರೆದರು. ಪಕ್ಕದವರು 'ಶ್! ರೆಕಾರ್ಡ್ ಆಯ್ತೈತೆ!' ಅಂದರು. ಅಕ್ಕ ಅದೇ ಸಾಲು ಇನ್ನೊಂದು ಸಲ ಹಾಡಿ ಕಾದರು. ಮತ್ತೆ 'ಶ್!' ಅಷ್ಟು ದೊಡ್ಡ ಸಭೆ, ಎಲ್ಲರ ಕೈ ಫೋನು ಹಿಡಿದು ಮೇಲೆ, ಎಲ್ಲರ ಬಾಯಿ ಮುಚ್ಚಿದೆ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೂತುಬಿಟ್ಟರು. ಅವತ್ತಿಂದ ಹಾಡಿಲ್ಲ.

ನಾನು ಬಿಡುವವಳಲ್ಲ. ಸೋಮವಾರವೇ ಕಲ್ಯಾಣದುರ್ಗದ ಬಸ್ಸು ಹತ್ತಿ ಅಕ್ಕನ ಅಂಗಡಿಗೆ ಬಂದೆ. ಅಕ್ಕ ಮಿಷನ್ ತುಳಿಯುತ್ತಲೇ ಇದ್ದರು.

"ಯಾಕಕ್ಕ ಹಾಡಲ್ಲ?" ಅಂದೆ.

"ಯಾರಿಗ್ ಹಾಡ್ಲಮ್ಮ? ನಾನ್ ಒಂದ್ ಸಾಲು ಎಸೀತೀನಿ, ನೀವ್ ಹಿಡ್ಕಂಡು ವಾಪಸ್ ಎಸೀಬೇಕು. ಅದು ಕಣಮ್ಮ ಪಾಟ ಅಂದ್ರೆ, ಹಾಡು ಅಂದ್ರೆ. ನೀವ್ ನೋಡಿದ್ರೆ ಎಲ್ರೂ ಫೋನ್ ಎತ್ಕಂಡ್ ಕುಂತ್ಬುಟ್ರಿ. ಕಣ್ ಬಿಟ್ರೆ ಒಂದ್ ಮುಖಾನೂ ಇಲ್ಲ, ಬರೀ ಫೋನಿನ್ ಬೆನ್ನು. ನಾನೇನ್ ಗ್ವಾಡೆಗ್ ಎಸೀಲಾ?"

"ಸಾವಿರಾರು ವ್ಯೂಸ್ ಬತ್ತವೆ ಅಕ್ಕ ನಿಂಗೆ."

"ವ್ಯೂಸು ಬಾಯ್ ಬಿಟ್ಟು ಹಾಡ್ತವೇನೇ?"

ಸಭಿಕರೇ, ಅದಕ್ಕೆ ಏನು ರಿಪ್ಲೈ ಕೊಡ್ತೀರಿ? ಇಡೀ ದಿನ ಚಾಟಿನಲ್ಲೇ ಇರೋಳು ನಾನು, ಯಾರು ಏನೇ ಅಂದರೂ ತಕ್ಷಣ ತಿರುಗಿ ಹಾಕುವವಳು. ಅವತ್ತು ಫೋನು ಬ್ಯಾಗಿಗೆ ಹಾಕಿಕೊಂಡು ಅಲ್ಲೇ ಕೂತೆ. ಅಕ್ಕ ಒಂದು ಕಪ್ ಟೀ ತರಿಸಿ ಕೊಟ್ಟು, ನನ್ನ ಚೂಡಿದಾರದ ತೋಳು ಬಿಚ್ಚಿಹೋಗಿದ್ದನ್ನು ಹೊಲಿದು ಕಳಿಸಿದರು.

ಇಲ್ಲಿ ಟೆಕ್ನಾಲಜಿ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ಹತ್ತಿರ ಒಂದು ಆ್ಯಪ್ ಇದೆ, ಬಹಳ ಒಳ್ಳೆಯ ಆ್ಯಪು. ಹಾಡಿನ ಹಿಂದಿನ ಗಲಾಟೆಯನ್ನೆಲ್ಲ ತಾನೇ ಗುರುತಿಸಿ ತೆಗೆದುಹಾಕುತ್ತದೆ. ಫ್ಯಾನಿನ ಸದ್ದು, ಆಟೋ ಹಾರನ್ನು, ಮಗು ಅಳೋದು, ಎಲ್ಲ. ಬಹಳ ಜನ ಕೇಳಿದ್ದೀರಿ, ಅಕ್ಕನ ವಾಯ್ಸು ಅಷ್ಟು ಕ್ಲಿಯರ್ ಆಗಿ ಹೇಗೆ ಬರುತ್ತೆ ಅಂತ. ಹೀಗೇ. ಒಂದೇ ತೊಂದರೆ, ಆ ಆ್ಯಪಿಗೆ ಸಭೆಯೂ ಗಲಾಟೆಯೇ. ಒಂದು ಸಲ ಓಬಕ್ಕಜ್ಜಿಗೆ ವಿಡಿಯೋ ತೋರಿಸಿದೆ. ಅಜ್ಜಿ ಕಿವಿಗೆ ಹಚ್ಚಿಕೊಂಡು ಪೂರ್ತಿ ಕೇಳಿ, "ರಮಾ ಉಂದಿ, ನಾ ಗೊಂತು ಯಾಡುಂದೇ? ರಮಾ ಅವ್ಳೆ, ನಾನೂ ಹಾಡಿದ್ನಲ್ಲೇ, ನನ್ ದನಿ ಎಲ್ಲೋಯ್ತು?" ಅಂದರು. "ಅದ್ನ ಕ್ಲೀನ್ ಮಾಡೀವ್ನಿ ಅಜ್ಜಿ," ಅಂದೆ. "ಅಯ್ಯೋ ನಿನ್ ಮನೆ ಕಾಯ್ವಾಗ! ನಾನೇನ್ ಪಾತ್ರೆ ಮಸೀನಾ?" ಅಂದರು. ನಗಬೇಡಿ. ನಿಮ್ಮದನ್ನೂ ಕ್ಲೀನ್ ಮಾಡಿದ್ದೇನೆ. ಆ ಚಾನೆಲ್ಲಿನಲ್ಲಿ ನಿಮ್ಮಲ್ಲಿ ಒಬ್ಬರ ದನಿಯೂ ಇಲ್ಲ.

ಪಾಸ್ಟರ್ ಅಯ್ಯನವರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ಈ ಡಬ್ಬಗಳು ವಾಪಸ್ ಬರುವವರೆಗೆ ನಾನು ಇಳಿಯೋಲ್ಲ.

ಈಗಿನ ಹುಡುಗಿ, ಚರ್ಚಿಗೆ ಹೊಸ ಪದ್ಧತಿ ತರಲು ಹೊರಟಿದ್ದಾಳೆ ಅಂತ ಹಿರಿಯರಿಗೆ ಅನಿಸಬಹುದು. ಹೊಸದು ಎಲ್ಲಿದೆ ಸ್ವಾಮಿ? ಹಿಡಿ ಅಕ್ಕಿ, ತೆಲುಗಿನಲ್ಲಿ ಪಿಡಿಕೆಡು ಬಿಯ್ಯಂ, ಇದನ್ನು ನಮ್ಮ ಅಜ್ಜಿಯಂದಿರು ಹೇಗೆ ತೆಗೆಯುತ್ತಿದ್ದರು? ಉಂಡು ಮಿಕ್ಕಿದ್ದನ್ನಾ? ಅಲ್ಲ. ಎಸರು ಕುದಿಯುತ್ತಿರುವಾಗ, ಮಕ್ಕಳು ಹಸಿದು ತಟ್ಟೆ ಬಡಿಯುತ್ತಿರುವಾಗ, ಮೊರದಲ್ಲಿರುವ ಅಕ್ಕಿಯಿಂದ ಒಂದು ಹಿಡಿ ತೆಗೆದು ದೇವರ ಡಬ್ಬಕ್ಕೆ ಹಾಕಿ, ಆಮೇಲೆ ಮಿಕ್ಕಿದ್ದನ್ನು ತೊಳೆಯುತ್ತಿದ್ದರು. ಅನ್ನ ಕೆಟ್ಟದ್ದು ಅಂತ ತೆಗೆದರಾ? ಅನ್ನ ಬೇಕು, ಬಹಳ ಬೇಕು, ಅದಕ್ಕೇ ತೆಗೆದರು. ಹಾಗೇ ನಮ್ಮ ಕೈಯಲ್ಲಿರುವ ಈ ಟೈಮೂ. ಎಲ್ಲ ಸ್ಕ್ರಾಲ್ ಮಾಡಿ, ಎಲ್ಲ ಸ್ಟೇಟಸ್ ನೋಡಿ, ಕಣ್ಣು ಉರಿಯೋಕೆ ಶುರುವಾದ ಮೇಲೆ ದೇವರಿಗೆ ಎರಡು ನಿಮಿಷ ಕೊಡುತ್ತೇವೆ. ಅದು ತಂಗಳು. ದೇವರಿಗೆ ತಂಗಳು ಇಡುತ್ತೀರಾ?

ಯೇಸುಸ್ವಾಮಿಯನ್ನು ನೋಡಿ. ಒಂದೂರಿನಲ್ಲಿ ಎಷ್ಟೋ ರೋಗಿಗಳನ್ನು ವಾಸಿ ಮಾಡಿದರು, ಹೆಸರು ಸುತ್ತಮುತ್ತ ಹಬ್ಬಿತು. ಬೆಳಗಾದರೆ ಸ್ವಾಮಿಯೇ ಇಲ್ಲ! ಇನ್ನೂ ಮಬ್ಬಿರುವಾಗಲೇ ಎದ್ದು, ಜನರಿಲ್ಲದ ಕಡೆ ಹೋಗಿ ಪ್ರಾರ್ಥನೆಗೆ ಕೂತಿದ್ದರು. ಶಿಷ್ಯರು ಹುಡುಕಿಕೊಂಡು ಹೋಗಿ, ಎಲ್ಲರೂ ನಿಮ್ಮನ್ನೇ ಕೇಳ್ತಿದ್ದಾರೆ ಅಂದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಸ್ವಾಮಿ ನೀವು ವೈರಲ್ ಆಗಿದ್ದೀರಿ! ನಾನಾಗಿದ್ದರೆ ಅಲ್ಲಿಂದಲೇ ಲೈವ್ ಬರುತ್ತಿದ್ದೆ. ಸ್ವಾಮಿ ಏನು ಮಾಡಿದರು? ಬೇರೆ ಊರಿಗೆ ಹೋಗೋಣ ಬನ್ನಿ ಅಂದರು. ತಂದೆಯ ಜೊತೆ ಒಬ್ಬರೇ ಕೂರೋ ಹೊತ್ತನ್ನು ಸ್ವಾಮಿಯೇ ಎತ್ತಿಟ್ಟುಕೊಂಡರು. ನಮಗೆ ಬೇಡವಾ?

ಹಾಗಾಗಿ ನಾನು ಕೇಳುತ್ತಿರುವುದು ಇಷ್ಟು. ಇನ್ನು ಮೇಲೆ ಭಾನುವಾರ ಆರಾಧನೆಗೆ ಹೊರಡುವಾಗ ಫೋನು ಮನೆಯ ಅಕ್ಕಿ ಡಬ್ಬದಲ್ಲಿ. ಆರಾಧನೆ ಮುಗಿಸಿ ಬಂದು, ಮನೆಯವರ ಜೊತೆ ಕೂತು ಉಂಡ ಮೇಲೆ ವಾಪಸ್ ಕೈಗೆ. ಆಗ ತೆಗೆದುಕೊಳ್ಳಿ, ನೋಡಿ, ಸ್ಟೇಟಸ್ ಹಾಕಿ, ನಿಮ್ಮಿಷ್ಟ. ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ಇನ್ನೂ ಜಾಸ್ತಿ ಮಾಡೋಣ. ಎರಡೂ ಸಂಘದ ಹುಡುಗರು ಹುಡುಗಿಯರು ಒಪ್ಪಿದ್ದೇವೆ. ಒಪ್ಪಿದ್ದು ಗ್ರೂಪಲ್ಲಿ ಹೆಬ್ಬೆಟ್ಟು ಒತ್ತಿ ಅಲ್ಲ, ಎದುರೆದುರು ಕೂತು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಈ ಹಾಲಿನಲ್ಲಿ ಇನ್ನೊಂದು ಫೋನು ಉಳಿದಿದೆ. ಟ್ರೈಪಾಡಿನ ಮೇಲೆ. ಲೈವ್ ನೋಡಿಕೊಳ್ಳುವ ಮುರಳಿಕೃಷ್ಣಣ್ಣ, ನೀವು ನನ್ನ ಕಡೆ ನೋಡದೆ ಸೂರು ನೋಡುತ್ತಿದ್ದೀರಿ, ನನಗೆ ಗೊತ್ತು. ಎದುರಿಗೆ ಒಂದು ಫೋನಿದ್ದರೂ ಹಾಡಲ್ಲ ಅಂದಿದ್ದಾರೆ ಅಕ್ಕ; ಆದರೂ ಲೈವ್ ನಿಲ್ಲಿಸಬಾರದು ಅಂತ ಕಮಿಟಿಯಲ್ಲಿ ದೊಡ್ಡ ಮಾತಾಯಿತು. ಕುವೈತಿನಲ್ಲಿ ಮನೆಗೆಲಸಕ್ಕೆ ಹೋಗಿರುವ ನಮ್ಮ ಹೆಂಗಸರಿಗೆ ಚರ್ಚು ಅಂದರೆ ಈ ಲೈವೇ, ಅವರ ಹೊಟ್ಟೆ ಮೇಲೆ ಹೊಡೆಯುತ್ತೀಯಾ ಅಂತ ಕೇಳಿದರು. ಸರಿಯಾದ ಪ್ರಶ್ನೆ. ಉತ್ತರ ನಾನೇ ಕೊಡಬೇಕು. ಯಾಕೆಂದರೆ ಅಲ್ಲಿ ಕೂತು ನೋಡುತ್ತಿರುವವರಲ್ಲಿ ನಮ್ಮಮ್ಮನೂ ಒಬ್ಬಳು. ವರಲಕ್ಷ್ಮಿ. ಇದೇ ಊರಿನ ಮಗಳು. ನಾನು ಹೈಸ್ಕೂಲು ಸೇರುವ ಮುಂಚೆ ಹೋದವಳು. ನಾನು ಆ ಚಾನೆಲ್ ಶುರು ಮಾಡಿದ್ದು ಯಾರಿಗೋಸ್ಕರ ಅಂದುಕೊಂಡಿದ್ದೀರಿ? ಮೊದಲನೇ ವಿಡಿಯೋಗೆ ಒಂದೇ ವ್ಯೂ ಇತ್ತು. ಅದು ಅಮ್ಮನದು.

ಇರಿ, ನೀರು ಕುಡಿಯುತ್ತೇನೆ.

ಕಮಿಟಿ ಮುಗಿಸಿಕೊಂಡು ಅಮ್ಮನಿಗೆ ಮೆಸೇಜು ಹಾಕಿದೆ. ಅಮ್ಮ, ಲೈವ್ ಇಲ್ಲದಿದ್ದರೆ ಅಕ್ಕ ಹಾಡ್ತಾಳೆ, ಲೈವ್ ಇದ್ದರೆ ಹಾಡಲ್ಲ, ನೀನೇ ಹೇಳು ಅಂತ. 'ಟೈಪಿಂಗ್' ಅಂತ ಬಂತು. ನಿಂತಿತು. ಮತ್ತೆ ಬಂತು. ನಿಂತಿತು. ಆಮೇಲೆ ವಾಯ್ಸ್ ಮೆಸೇಜ್ ಬಂತು. ಹಿಂದೆ ಅವಳು ಕೆಲಸ ಮಾಡುವ ಮನೆಯ ಮಿಕ್ಸಿ ಸದ್ದು. ಅದನ್ನು ನಾನು ಕ್ಲೀನ್ ಮಾಡಿಲ್ಲ.

"ಕೂಸೇ, ರಮಾ ಹಾಡೋದ್ನ ನಾನಿಲ್ಲಿ ಕುಂತು ಕೇಳ್ತೀನಿ, ನಿಜ. ಆದ್ರೆ ತಿರುಗ್ಸಿ ಹಾಡಿದ್ರೆ ಯಾರಿಗ್ ಕೇಳ್ತೈತೆ? ಒಂದ್ ಸಲ ಅಡಿಗೆ ಮನೇಲಿ ಹಾಡ್ಬುಟ್ಟೆ, ಮೇಡಮ್ಮು ಓಡ್ ಬಂದ್ಬುಟ್ಲು, ಏನಾಯ್ತೋ ಅಂತ. ಒಂದ್ ಕೆಲ್ಸ ಮಾಡು. ನೀನ್ ಕಿವಿ ತುಂಬ ಕೇಳ್ಕ. ಬಾಯಿಗ್ ಬರೋಗಂಟ ತಿರುಗ್ಸಿ ಹಾಡು. ಸಂಜೀಕೆ ಫೋನ್ ಮಾಡಿ ನೀನೇ ಹಾಡು, ಒಂದೊಂದೇ ಸಾಲು. ನಾನ್ ತಿರುಗ್ಸಿ ಹಾಡ್ತೀನಿ. ನನ್ ದನಿ ನೀನ್ ಕೇಳ್ಸ್ಕಂಡ್ರೆ ಸಾಕು ಕಣಮ್ಮ."

ಸಭಿಕರೇ, ಅಕ್ಕನ ಹಾಡುಗಳನ್ನೆಲ್ಲ ಅಪ್‌ಲೋಡ್ ಮಾಡಿದವಳು ನಾನು. ಪ್ರತಿ ಹಾಡಿನ ಸಾಹಿತ್ಯ ಟೈಪ್ ಮಾಡಿ ಕೆಳಗೆ ಹಾಕಿದವಳು ನಾನು. ಆದರೆ ನನಗೆ ಒಂದು ಹಾಡೂ ಬಾಯಿಗೆ ಬರೋಲ್ಲ. ಫೋನಿಗೆ ಬರುತ್ತಿತ್ತಲ್ಲ, ನನಗ್ಯಾಕೆ ಬರಬೇಕು? ಇವತ್ತು ಒಂದಾದರೂ ಬರಲೇಬೇಕು. ಸಂಜೆಗೆ ಒಬ್ಬಳು ಕಾಯುತ್ತಿದ್ದಾಳೆ. ನಾನೊಬ್ಬಳೇ ತಿರುಗಿ ಹಾಡಿದರೆ ನಾಲ್ಕನೇ ಸಾಲಿಗೆ ದಾರಿ ತಪ್ಪುತ್ತೇನೆ, ನನ್ನ ಗಂಟಲು ಅಂಥದ್ದು. ನೀವೆಲ್ಲ ಜೊತೆಗೆ ಬೇಕು. ಓಬಕ್ಕಜ್ಜಿ, ನೀವು ಎಲ್ಲರಿಗಿಂತ ಜೋರಾಗಿ ಬೇಕು.

ಅಮ್ಮಾ, ಕೇಳಿಸ್ತಾ ಇದೆಯಾ? ಈಗ ಆಫ್ ಮಾಡಿಸ್ತೀನಿ. ಅಳಬೇಡ. ಸಂಜೆ ಫೋನ್ ಮಾಡ್ತೀನಿ.

ಮುರಳಿಕೃಷ್ಣಣ್ಣ, ನಿಲ್ಲಿಸಿ.

ಥ್ಯಾಂಕ್ಸ್ ಅಣ್ಣ. ಅದನ್ನೂ ಡಬ್ಬಕ್ಕೆ ಹಾಕಿ. ಪಾಸ್ಟರ್ ಅಯ್ಯನವರು ತಾವಾಗಿಯೇ ಎದ್ದು ಬಂದು ತಮ್ಮ ಫೋನು ಹಾಕಿದ್ದಾರೆ, ಚಪ್ಪಾಳೆ ಬೇಡ, ಅಕ್ಕಿಗೆ ಮುಖ್ಯರು ಸಾಮಾನ್ಯರು ಅಂತ ಇಲ್ಲ. ಲಕ್ಷ್ಮೀಕಾಂತ್ ಸಾರ್, ನೀವೂ ಜೇಬು ಮುಟ್ಟಿ ನೋಡಿಕೊಳ್ಳಿ. ಆ ಸಣ್ಣ ಬಟನ್ ಫೋನೂ ಲೆಕ್ಕಕ್ಕೆ ಬರುತ್ತೆ ಸಾರ್.

ಇನ್ನು ಒಂದೇ ಉಳಿಯಿತು. ನನ್ನ ಕೈಯಲ್ಲಿರುವುದು. ನನ್ನ ಭಾಷಣ ಇರುವುದು ಇದರಲ್ಲೇ. ಕಾಗದದಲ್ಲಿ ಬರೆದು ನನಗೆ ಅಭ್ಯಾಸವಿಲ್ಲ. ಅಕ್ಕನ ಬಗ್ಗೆ ಇನ್ನೂ ಬಹಳ ಇತ್ತು, ಚೆನ್ನಾಗಿಯೇ ಬರೆದಿದ್ದೆ, ಕೊನೆಗೆ ಕಣ್ಣೀರು ಬರೋ ಒಂದು ಮಾತೂ ಇತ್ತು. ಹೋಗಲಿ. ಆಫ್ ಮಾಡಿದೆ. ನೋಡಿ, ಹಾಕಿದೆ.

ಇನ್ನು ನನ್ನ ಹತ್ತಿರ ಓದೋಕೆ ಏನೂ ಇಲ್ಲ. ಮಾತಾಡೋಕೆ ಜಾಗ ಕೊಟ್ಟ ಹಿರಿಯರಿಗೆ, ಗೊಣಗಿಕೊಂಡಾದರೂ ಡಬ್ಬ ತುಂಬಿಸಿದ ನಿಮಗೆಲ್ಲ ನನ್ನ ವಂದನೆ. ಅಬ್ಬಾ, ಎಷ್ಟು ಮುಖಗಳಿವೆ ಇಲ್ಲಿ!

ಅಕ್ಕಾ, ಎದ್ದು ನಿಂತ್ಕಳಕ್ಕ. ಎಸಿ ಮೊದಲ್ನೇ ಸಾಲು. ಹಿಡಿಯಾಕೆ ನಾವಿದ್ದೀವಿ.

ನಮಸ್ಕಾರ.