ವಾಪಸಣ್ಣನ ಕುರ್ಚಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ, ನಾವು ಇವತ್ತು ಯಾರನ್ನ ನೆನೆಯೋಕೆ ಸೇರಿದ್ದೀವೋ ಅವರ ತಂಗಿಗೆ, ತಂಗಿಯ ಯಜಮಾನರಿಗೆ, ಮಕ್ಕಳಿಗೆ ನಮಸ್ಕಾರ. ಬುಟ್ಟಿ ಹೆಣೆಯುವ ಅಕ್ಕತಂಗಿಯರೇ, ಜೊಂಡು ಬೆಳೆಯುವ ಅಣ್ಣಂದಿರೇ, ನಮ್ಮ ಸಂಘದ ಅಧ್ಯಕ್ಷರೇ — ಹಿಂದೆ ನಿಂತಿರೋರು ಒಳಗೆ ಬನ್ನಿ, ಆ ಬುಟ್ಟಿಗಳನ್ನ ಒಂಚೂರು ಸರಿಸಿದ್ರೆ ಎಲ್ಲರಿಗೂ ಜಾಗ ಆಗತ್ತೆ.

ನನಗೆ ಭಾಷಣ ಬರಲ್ಲ. ಪ್ಯಾಕಿಂಗ್ ಕೋಣೆಯವಳು ನಾನು, ಹಗ್ಗ ಬಿಗಿಯೋದು ಬರತ್ತೆ. ಆದ್ರೆ ಅಧ್ಯಕ್ಷರು, ಬುಟ್ಟಿ ತಪಾಸಣೆ ಮಾಡ್ತಿದ್ದ ಅವರ ಪಕ್ಕದ ಕೋಣೆಯಲ್ಲಿ ಇಷ್ಟು ವರ್ಷ ಇದ್ದವರು ನೀವೊಬ್ಬರೇ, ನೀವೇ ಮಾತಾಡಿ ಅಂದ್ರು. ಇನ್ನೊಂದು ಕಾರಣನೂ ಇದೆ. ಅವರು ನಿವೃತ್ತಿಯಾದ ಮೇಲೆ ಆ ತಪಾಸಣೆ ಕುರ್ಚಿ ಖಾಲಿ ಬಿದ್ದಿದೆ. ಅಧ್ಯಕ್ಷರೇ ಹೇಗೋ ಸುಧಾರಿಸಿಕೊಂಡು ಹೋಗ್ತಿದ್ದಾರೆ. ಆ ಕುರ್ಚಿಗೆ ಬರ್ತೀರಾ ಅಂತ ಸಂಘ ನನ್ನನ್ನ ಕೇಳಿದೆ, ಇವತ್ತು ಉತ್ತರ ಹೇಳಬೇಕು. ಹೇಳ್ತೀನಿ. ಕೊನೆಗೆ ನಾವೆಲ್ಲ ಅವರಿಗೋಸ್ಕರ ಎದ್ದು ನಿಲ್ಲೋದಕ್ಕೆ ಮುಂಚೆ ಹೇಳ್ತೀನಿ.

ಅವರ ನಿಜವಾದ ಹೆಸರು ಹಿಡಿದು ನಮ್ಮಲ್ಲಿ ಯಾರೂ ಕರೀತಿರಲಿಲ್ಲ. ವಾಪಸಣ್ಣ. ನಗಬೇಡಿ — ಅಥವಾ ನಗಿ, ಅವರಿಗೂ ಗೊತ್ತಿತ್ತು. ಬುಟ್ಟಿ ಎತ್ತೋರು, ಮಗುಚೋರು, ಹೆಬ್ಬೆರಳಲ್ಲಿ ಅಂಚನ್ನ ಹೀಗೆ — ಹೀಗೆ ಒತ್ಕೊಂಡು ಸುತ್ತ ಬರೋರು. ಆಮೇಲೆ ಒಂದೇ ಮಾತು, "ವಾಪಸ್." ಯಾಕೆ ಅಂತ ಕೇಳಿದ್ರೆ ಬೆರಳನ್ನ ಅಲ್ಲಿಗೇ ಇಟ್ಟು ತೋರಿಸೋರು. ಬೈಯ್ತಿರಲಿಲ್ಲ. ಬೈದಿದ್ರೆ ತಿರುಗಿ ಬೈದು ಹಗುರ ಆಗಬಹುದಿತ್ತು, ಆ ಸುಖನೂ ಕೊಡಲಿಲ್ಲ ಪುಣ್ಯಾತ್ಮ.

ಒಂದ್ಸಲ ಯಾರೋ — ಯಾರು ಅಂತ ಅವರಿಗೇ ಗೊತ್ತು, ಅಲ್ಲಿ ಮೂಲೆಯಲ್ಲಿ ತಲೆ ತಗ್ಗಿಸಿಕೊಂಡು ನಗ್ತಿದ್ದಾರೆ — ಅಂಗಡಿಯ ಪುಡಿ ಬಣ್ಣ ಹಾಕಿದ ಬುಟ್ಟಿ ತಂದ್ರು. ಕೆಂಪು ಅಂದ್ರೆ ಕೆಂಪು, ಕಣ್ಣು ಕುಕ್ಕೋ ಹಾಗೆ. ಇವರು ಜೇಬಿಂದ ಕರ್ಚೀಫು ತೆಗೆದು, ನೀರಲ್ಲಿ ಅದ್ದಿ, ಒಂದ್ಸಲ ಒರೆಸಿದ್ರು. ಕರ್ಚೀಫೆಲ್ಲ ಕೆಂಪು. ಈ ಬಣ್ಣ ತೊಳೆದ ನೀರು ಹೋಗೋದು ನಮ್ಮ ಹೊಳೆಗೇ ಅಲ್ವಾ ಅಂದ್ರು, ಅಷ್ಟೇ. ತೊಗಟೆ ಬೇಯಿಸಿ ತೆಗೆದ ಬಣ್ಣ ಮಂಕಾದ್ರೂ ಪರವಾಗಿಲ್ಲ, ಅದೇ ಇರಲಿ ಅಂದ್ರು.

ಹೊರಗಿನವರು ಕೆಲವರು ಬಂದಿದ್ದೀರಿ, ನಿಮಗೋಸ್ಕರ ಹೇಳ್ತೀನಿ. ನಮ್ಮದು ಸಂತೆ ವ್ಯಾಪಾರ ಅಲ್ಲ. ಜೊಂಡು ಕೊಯ್ಯೋಕೆ ಮುಂಚೆನೇ ನಾವು ಅರ್ಧ ಹಣ ಕೊಡ್ತೀವಿ. ಬೆಲೆ ಕಟ್ಟೋವಾಗ ಹೆಣೆಯೋರು ಎದುರಿಗೆ ಕೂತಿರ್ತಾರೆ. ಜವುಗು ನೆಲ ಒಣಗಿಸಿ ಬೇರೇನೋ ಬೆಳೀಬೇಡಿ, ಜೊಂಡು ಹಾಗೇ ಇರಲಿ, ಹಕ್ಕಿಗಳೂ ಇರಲಿ ಅಂತ ರೈತರಿಗೂ ಅವರ ಪಾಲು ಕೊಡ್ತೀವಿ. ಬೀಜ ಉದುರೋಕೆ ಮುಂಚೆ ಕೊಯ್ದ ಜೊಂಡಾದ್ರೆ ವಾಪಸಣ್ಣ ಮೂಸಿಯೇ ಹೇಳೋರು. ಒಂದ್ಸಲ ತಗೊಂಡ ಮಾಲು ಮಾರಾಟ ಆಗಲಿಲ್ಲ ಅಂತ ನಾವು ಹೆಣೆದವರ ತಲೆಗೆ ಕಟ್ಟಲ್ಲ. ಇಷ್ಟೆಲ್ಲ ನಿಲ್ಲಬೇಕಾದ್ರೆ ಒಬ್ಬ ಮನುಷ್ಯ ಆ ಕುರ್ಚಿಯಲ್ಲಿ ಕೂತು, ಮುಖ ನೋಡದೆ, ಬುಟ್ಟಿ ಮಾತ್ರ ನೋಡಬೇಕು.

ಮುಖ ನೋಡಬಾರದು ಅಂತ ಅವರು ತಮಗೆ ತಾವೇ ಒಂದು ಕಟ್ಟು ಹಾಕ್ಕೊಂಡ್ರು. ಹೆಣೆಯೋರ ಮನೇಲಿ ಒಂದು ಲೋಟ ಟೀ ಕೂಡ ಕುಡೀತಿರಲಿಲ್ಲ. ಒಬ್ಬರ ಮನೇಲಿ ಕುಡಿದ್ರೆ ಎಲ್ಲರ ಮನೇಲೂ ಕುಡೀಬೇಕು, ಎಲ್ಲರ ಮನೇಲೂ ಕುಡಿದ್ರೆ ಯಾರಿಗೂ ವಾಪಸ್ ಅನ್ನೋಕೆ ಬಾಯಿ ಬರಲ್ಲ ಅನ್ನೋರು. ನಿಮ್ಮ ಮನೆ ಮದುವೆಗಳಿಗೆ ಬಂದು, ಬಾಗಿಲಲ್ಲೇ ನಿಂತು, ಒಳ್ಳೇದಾಗಲಿ ಅಂತ ಹೇಳಿ ಸೈಕಲ್ ಹತ್ತಿದ್ದು ನಿಮಗೆಲ್ಲ ನೆನಪಿದೆ. ಮದುವೆ ಮಾಡ್ಕೊಳ್ಳಲಿಲ್ಲ. ಸೈಕಲ್ ಅಂಗಡಿ ಮೇಲಿನ ಬಾಡಿಗೆ ಕೋಣೆ, ಒಂದು ಸ್ಟವ್ವು, ಕಿಟಕಿ ಹತ್ತಿರ ಒಂದು ಸ್ಟೂಲು. ಬಂದೋರಿಗೆ ಕೂರೋಕೆ ಎರಡನೇದು ಇರಲಿಲ್ಲ.

ಇರೋದೊಬ್ಬಳೇ ತಂಗಿ. ಆಕೆನೂ ಹೆಣೆಯೋಳೇ. ಒಂದು ವರ್ಷ ಆಕೆ ತಂದ ಇಡೀ ಕಟ್ಟು ವಾಪಸ್ ಹೋಯ್ತು. ಅವತ್ತು ಪ್ಯಾಕಿಂಗ್ ಕೋಣೆಯಿಂದ ನಾನು ಎದ್ದು ಹೋಗಿ ಕೇಳ್ದೆ, ನಿಮಗೆ ಕರುಳು ಅನ್ನೋದು ಇದೆಯಾ ಅಂತ. ಅವರು ಬುಟ್ಟಿ ಕೆಳಗಿಡದೆ ಹೇಳಿದ್ರು: "ಇವಳದ್ದು ಒಂದು ದಾಟಿಸಿದ್ರೆ, ನಾಳೆ ಮಿಕ್ಕವರ ಮುಂದೆ ನಾನು ಯಾವ ಮುಖ ಇಟ್ಕೊಂಡು ಕೂರಲಿ?" ಅಣ್ಣ ತಂಗಿ ಮಾತು ಅಲ್ಲಿಗೆ ನಿಂತುಹೋಯ್ತು.

ಆಮೇಲೆ ನಿವೃತ್ತಿ. ಶಾಲು ಹೊದಿಸಿದ್ವಿ, ಚಪ್ಪಾಳೆ ತಟ್ಟಿದ್ವಿ, ಮನೆಗೆ ಹೋದ್ವಿ.

ಮಾರನೇ ದಿನದಿಂದ ಅವರು ಸಂಜೆ ಹೊತ್ತು ನಮ್ಮ ಬೀದೀಲಿ ನಡೆಯೋಕೆ ಶುರು ಮಾಡಿದ್ರು. ಸೈಕಲ್ ತರ್ತಿರಲಿಲ್ಲ. ಇಸ್ತ್ರಿ ಮಾಡಿದ ಶರ್ಟು. ಮನೆ ಮನೆ ಮುಂದೆ ನಿಧಾನ. ನೀವೆಲ್ಲ ಎದ್ದು ನಿಂತು, ನಮಸ್ಕಾರ ಮಾಡಿ, ಚೆನ್ನಾಗಿದೀರಾ ಅಂತ ಕೇಳಿ — ದಾರಿ ಬಿಟ್ರಿ. ಎಷ್ಟು ಮರ್ಯಾದೆ ನೋಡಿ. ವಾಪಸಣ್ಣ ಯಾರ ಮನೆಗೂ ಬರಲ್ಲ, ಸುಮ್ಮನೆ ಕರೆದು ಯಾಕೆ ಇಕ್ಕಟ್ಟಿಗೆ ಸಿಕ್ಕಿಸೋದು ಅಂತ.

ಒಂದಿನ ಪ್ಯಾಕಿಂಗ್ ಕೋಣೆಗೆ ಬಂದು ನನ್ನ ಹತ್ತಿರ ಕೂತ್ರು. ನಗ್ತಾ ನಗ್ತಾನೇ ಹೇಳಿದ್ರು: "ಈಗ ಯಾರು ಕರೆದ್ರೂ ಹೋಗಬಹುದು ಕಣಮ್ಮ. ಯಾರೂ ಕರೀತಿಲ್ಲ."

ನಾನು ಟೀ ಮಾಡಿಕೊಟ್ಟೆ. ಇದು ಆಫೀಸ್ ಟೀ, ಲೆಕ್ಕಕ್ಕಿಲ್ಲ ಅಂದ್ರು. ಅಯ್ಯೋ, ನಾನೇ ಬೀದಿಗೆಲ್ಲ ಹೇಳಿಬಿಡ್ತೀನಿ ಬಿಡಿ ಅಂತ ಎದ್ರೆ, ಕೈ ಹಿಡಿದು ಕೂರಿಸಿದ್ರು. ಹೇಳಿ ಕರೆಸಿಕೊಂಡ್ರೆ ಅದು ಕರೆದಂಗಾಗತ್ತಾ ಅಂದ್ರು. ಆಣೆ ಹಾಕಿಸಿಕೊಂಡ್ರು. ಆ ಆಣೆ ಇವತ್ತಿನವರೆಗೆ ಇಟ್ಕೊಂಡಿದ್ದೆ. ಈಗ ಮುರೀತಿದ್ದೀನಿ.

ಹೋದ ವಾರ ಎರಡು ಸಂಜೆ ಅವರು ಬರಲಿಲ್ಲ. ಸೈಕಲ್ ಅಂಗಡಿಯವರು ಹತ್ತಿ ಹೋಗಿ ಬಾಗಿಲು ತಳ್ಳಿದಾಗ ಎಲ್ಲ ಮುಗಿದಿತ್ತು. ಶರ್ಟು ಇಸ್ತ್ರಿ ಆಗಿ ಮೊಳೆಗೆ ನೇತಾಡ್ತಿತ್ತಂತೆ.

ಇವತ್ತು ಬೆಳಗ್ಗೆ ಅವರ ತಂಗಿ ನನ್ನ ಹತ್ತಿರ ಒಂದು ಮಾತು ಹೇಳಿದ್ರು. ಸಭೇಲಿ ಹೇಳಲಾ ಅಂತ ಕೇಳ್ದೆ, ಹೇಳಿ ಅಂದ್ರು. ದಿನಾ ಸಂಜೆ ಅಣ್ಣ ಬರೋ ಹೊತ್ತಿಗೆ ಬಾಗಿಲಲ್ಲಿ ನಿಂತಿರ್ತಿದ್ದೆ, ಕರೆದು ಅವನು ಬೇಡ ಅಂದ್ರೆ ಬೀದಿಯವರ ಮುಂದೆ ನಾನು ಏನಾಗಬೇಕು ಅಂತ ಕರೆಯದೆ ಒಳಗೆ ಹೋಗಿಬಿಡ್ತಿದ್ದೆ ಅಂದ್ರು. ತಾಯಿ — ನಿಮ್ಮ ತಪ್ಪಲ್ಲ. ಇಡೀ ಬೀದಿಗೆ ಹಾಗೇ ಆಯ್ತು. ಒಬ್ಬ ಒಳ್ಳೆ ಮನುಷ್ಯನ ಮಾತನ್ನ ಎಲ್ಲರೂ ಸೇರಿ ಎಷ್ಟು ಚೆನ್ನಾಗಿ ಉಳಿಸಿಕೊಂಡೆವು ಅಂದ್ರೆ, ಅದು ಮುಗಿದಿದ್ದು ನಮಗೆ ಗೊತ್ತೇ ಆಗಲಿಲ್ಲ.

ಈಗ ನನ್ನ ಉತ್ತರ.

ನನಗೆ ಹೆದರಿಕೆ ಆಗ್ತಿದೆ. ನಾನು ಯಾರ ಮನೆ ಮೆಟ್ಟಿಲ ಮೇಲಾದ್ರೂ ಕೂತು ಹರಟೆ ಹೊಡೆಯೋಳು. ಒಂದು ಸಂಜೆ ಮಾತಿಲ್ಲ ಅಂದ್ರೆ ನನಗೆ ಊಟ ಸೇರಲ್ಲ. ಆದ್ರೆ ಅಧ್ಯಕ್ಷರಿಗೆ ಬುಟ್ಟಿ ನೋಡೋಕೆ ಬರಲ್ಲ — ಕ್ಷಮಿಸಿ ಸಾರ್, ನೀವೇ ಒಪ್ಕೊಂಡಿದೀರಿ. ಕಣ್ಣು ತಪ್ಪಿದ್ರೆ ಮೊದಲು ಮಾಲು ಕೆಡತ್ತೆ, ಆಮೇಲೆ ಬೆಲೆ ಬೀಳತ್ತೆ, ಆಮೇಲೆ ಆ ಜವುಗು ನೆಲನೂ ಉಳಿಯಲ್ಲ. ಆ ಕುರ್ಚಿಗೆ ನಾನು ಬರ್ತೀನಿ. ಅವರ ಕಟ್ಟು ನನಗೂ ಇರತ್ತೆ. ನಾಳೆಯಿಂದ ನಿಮ್ಮ ಯಾರ ಮನೆಗೂ ಬರಲ್ಲ, ಬೇಜಾರು ಮಾಡ್ಕೋಬೇಡಿ.

ಒಂದೇ ಒಂದು ಕೇಳ್ಕೋತೀನಿ. ಯಾವತ್ತೋ ಒಂದಿನ ನಾನೂ ಆ ಕುರ್ಚಿಯಿಂದ ಏಳ್ತೀನಿ. ಅವತ್ತು ಬಾಯಿಬಿಟ್ಟು ಹೇಳೋಕೆ ನನಗೂ ನಾಚಿಕೆ ಆಗತ್ತೆ, ಅದಕ್ಕೇ ಈಗಲೇ ಮೈಕಲ್ಲಿ ಹೇಳ್ತಿದೀನಿ. ನನ್ನನ್ನ ಕರೀರಿ. ಬೇಡ ಅಂದ್ರೂ ಇನ್ನೊಂದ್ಸಲ ಕರೀರಿ.

ಈಗ ಎಲ್ಲರೂ ಎದ್ದು ನಿಲ್ಲಿ. ಅವರ ತಂಗಿ ಆಗಲೇ ಮುಂದೆ ಬಂದು ಒಬ್ಬರೇ ನಿಂತಿದ್ದಾರೆ, ಪಕ್ಕದವರು ಹತ್ತಿರ ಹೋಗಿ, ಕೈ ಹಿಡ್ಕೊಳ್ಳಿ. ವಾಪಸಣ್ಣನಿಗೋಸ್ಕರ ಸ್ವಲ್ಪ ಹೊತ್ತು ಯಾರೂ ಮಾತಾಡೋದು ಬೇಡ.