ಹೊಸ ಆವೃತ್ತಿಯಲ್ಲಿಲ್ಲದ ಅಧ್ಯಾಯ

೨೦೦೬ರ ಬೇಸಿಗೆ. ರೋಣದ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಿದ್ದ ಲಾಡಸಾಬನ ಪಕ್ಕದಲ್ಲೇ ಅವನೂರಿನ ವಕೀಲೆ ಮಹೇಶ್ವರಿ ನಿಂತಿದ್ದಳು. ಎದುರಿಗೆ ಅವಳಿಗೆ ಪರಿಸರ ಕಾನೂನು ಕಲಿಸಿದ ಪ್ರೊಫೆಸರು.

“ಸರ್, ನಮ್ಮೂರ ಕೆರಿ ಕೆರೀನ ಅಲ್ಲಂತ ಲೇಔಟಿನವರಿಗೆ ನೀವ ಬರದ ಕೊಟ್ಟೀರಂತ, ಖರೇ ಏನ್ರಿ?”

“ಐದ ವರ್ಷದಿಂದ ನೀರ ನಿಂತಿಲ್ಲ, ಯವ್ವಾ. ಊರೂ ಬೆಳೀಬೇಕಲ್ಲ.”

“ನೀರ ಬರೂ ಕಾಲುವಿ ಮುಚ್ಚಿದವರೇ ಅಲ್ಲಿ ಲೇಔಟ್ ಮಾಡಾಕತ್ತಾರ್ರಿ.”

“ಅದನ್ನ ನನಗ ಯಾರೂ ಕೇಳಲಿಲ್ಲ.”

“ಒಣಗಿದ್ರೂ ಕೆರಿ ಕೆರೀನ ಅಂತ ನಿಮ್ಮ ಪುಸ್ತಕದಾಗ ಐತ್ರಿ. ಅದನ್ನ ನಂಬಿ ನಾ ಕೇಸ್ ಹಾಕೇನಿ.”

“ಅದು ಹುಡುಗರ ಪರೀಕ್ಷಾ ಸಲುವಾಗಿ ನಾ ಬರದಿದ್ದು. ಹೊಸ ಆವೃತ್ತಿಯೊಳಗ ಆ ಅಧ್ಯಾಯ ತಗದೇನಿ.”

ಆ ಕೆರೆಯ ಹೂಳು ಹೊತ್ತಿದ್ದ ಲಾಡಸಾಬ ಬಾಯಲ್ಲಿದ್ದ ಚಹಾವನ್ನು ಗೋಡೆಯ ಬದಿಗೆ ಹೋಗಿ ಉಗಿದ.

ಅಷ್ಟರಲ್ಲಿ ಲೇಔಟಿನವರ ಕಾರು ಬಂದು ನಿಂತಿತು. ಪ್ರೊಫೆಸರು ಹತ್ತಿ ಕೂತು, ಬಾಗಿಲು ತೆರೆದೇ ಹಿಡಿದರು.

“ಬಾರವಾ, ನಿನ್ನ ಕೋರ್ಟಿನತನಕ ಬಿಡ್ತೇನಿ.”

“ಬ್ಯಾಡ್ರಿ ಸರ್. ನಿಮ್ಮ ಮಗ್ಗಲ ಕುಂದ್ರಾಕ ಹೇಸಿಗಿ ಬರತೈತಿ. ಹಳೇ ಪುಸ್ತಕ ನನ್ನ ಕಡೆ ಐತ್ರಿ. ಇವತ್ತ ಅದನ್ನ ಜಡ್ಜರ ಮುಂದ ಓದತೇನಿ.”

ಅವಳು ಕೋರ್ಟಿನ ದಾರಿ ಹಿಡಿದಳು. ಕಾರು ಗಜೇಂದ್ರಗಡದ ಕಡೆ ತಿರುಗಿತು.