ಎರಡನೇ ಕರ್ಪೂರ

ಏಯ್, ಬಾಗ್ಲಾಕ್‌ಬ್ಯಾಡ ಪುಟ್‌ಮಾದು! ಮಾತಿನ್ನೂ ಮುಗುದಿಲ್ಲ, ಕುಂತ್ಕೊ. ಎದುರು ಮನೆಯೋನು ಅಂತ ಇಷ್ಟು ದಿನ ತಡ್ಕಂಡೆ. ಇವತ್ತು ಈ ಮಾದೇಶ ಸುಮ್ನೆ ಎದ್ದೋಗಾಕೆ ಬಂದಿಲ್ಲ ಕಣ್ಲಾ... ತಗೊ, ಇದ ನೋಡು. ನನ್ ಕೆಂಚನ ಒಟ್ಟೆ ಒಳಗಿನ ಪೋಟ. ಸಿಟಿ ಸ್ಕ್ಯಾನು! ಯಾಕ್ಲಾ, ನಗು ಬರ್ನಿಲ್ವಾ? ನಾಯಿಗೂ ಸ್ಕ್ಯಾನಾ ಅಂತ ನಮ್ಮೂರು ಉಡಿಗಾಲದಲ್ಲಿ ನಗ್ದೆ ಇರೋನು ನೀನೊಬ್ನೆ.

ಚಾಮ್ರಾಜ್‌ನಗರದ ಡಾಕ್ಟ್ರು ಇದು ಸೂಜಿ ಮಾತ್ರೇಲಿ ಓಗೋದಲ್ಲ, ಮೈಸೂರಿಗೆ ತಕಂಡೋಗು ಅಂದ್ರು. ಓದೆ. ಅಲ್ಲಿ ಮತ್ತಿನ ಇಂಜೆಕ್ಷನ್ ಕೊಟ್ಟು, ದೊಡ್ ಬಳೆ ಅಂಗಿರೋ ಮಿಷನ್ನೊಳಿಕೆ ಮಲಗ್ಸುದ್ರು. ಮುಂಗಾಲ ನರಕ್ಕೆ ಅದೇನೋ ಔಸ್ದಿ ಬುಟ್ರು. ಅದು ರಕ್ತದ ಜೊತೆ ಓಡ್ತಿದ್ದಂಗೆ ಒಳಗಿನ ಒಂದೊಂದು ನರವೂ ಬೆಳ್ಳಗೆ ಎದ್ದು ಕಾಣ್ತದೆ ಕಣ್ಲಾ! ಮರದ ಬೇರಿನಂಗೇ ಕಾಣ್ತದೆ! ಇಂಥಾದ್ರಲ್ಲಿ ನೀನಿಕ್ಕಿದ ವಿಷ ಮಾತ್ರ ಬಚ್ಚಿಟ್ಕಂಡಿರ್ತದಾ?

ಅಂಗ್ ನೋಡ್‌ಬ್ಯಾಡ. ಕೆಂಚ ನಿನ್ ಕೋಳಿ ಇಡುದ ದಿನ ಟೀ ಅಂಗ್ಡಿ ಮುಂದೆ ಏನಂದೆ? ‘ಈ ನಾಯ್ಗೆ ಒಂದ್ ಗತಿ ಕಾಣುಸ್ತೀನಿ’ ಅಂದೆ. ಅಂದ್ಯೋ ಇಲ್ವೋ? ಮಾರಿ ಅಬ್ಬದ ದಿನ ನಿನ್ನಟ್ಟೀಲಿ ಬಾಡು ತಿಂದು ಬಂತು. ಬಂದದ್ದೇ ಜೊಲ್ಲು ಸುರಿಸ್ಕಂಡು, ನಿಂತಲ್ಲೇ ಸುತ್ತಿ ಸುತ್ತಿ, ಗೋಡೆಗೆ ತಲೆ ಒತ್ಕಂಡು ನಿಂತ್‌ಬುಡ್ತು. ಕೆಂಚಾ, ಕೆಂಚಾ ಅಂತ ಎಷ್ಟ್ ಕೂಗುದ್ರೂ ತಿರುಗ್ನಿಲ್ಲ.

ನಾನೇನ್ ಕೈ ಕಟ್ಕಂಡು ಕುಂತಿದ್ನಾ? ವಿಷ ಮುರೀಲಿ ಅಂತ ದಿನಾ ಮೊಟ್ಟೆ ಒಡುದು ಬಾಯ್ಗುಯ್ದೆ. ಮೇಕೆ ಲಿವರ್ ಬೇಯ್ಸಿ ತಿನ್ನಿಸ್ದೆ. ತಿನ್ಸಿದಷ್ಟೂ ಬೀಳೋದು. ಅದು ಬಿದ್ದಷ್ಟೂ ನಿನ್ ಮ್ಯಾಲೆ ನನ್ ಒಟ್ಟೆ ಉರಿಯೋದು. ಬುಡಬಾರ್ದು ಇವನ್ನ, ಬುಡಬಾರ್ದು ಅಂತ...

ಏನು? ಪೋಟದ ಮ್ಯಾಲೆ ಬೆರಳ್ಯಾಕೆ ಆಡುಸ್ತೀಯ? ವಿಷ ಎಲ್ಲದೆ ತೋರ್ಸು ಅಂತಲಾ? ಇಲ್ಲೇ... ಇಲ್ಲೇ ಎಲ್ಲೋ... ನಿಂಗರ್ಥ ಆಗಾಕಿಲ್ಲ ಬುಡು. ದುರುಗುಟ್ಕಂಡು ನೋಡ್‌ಬ್ಯಾಡ ಅಂದೆ! ಸರಿ. ಇಲ್ಲ. ವಿಷ ಇಲ್ಲ ಅಂದ್ರು ಡಾಕ್ಟ್ರಮ್ಮ. ಉಟ್ಟಾಗಿಂದ್ಲೇ ಒಂದ್ ನರ ದಾರಿ ತಪ್ಪದಂತೆ. ಕರುಳಿನ ರಕ್ತ ಲಿವರ್‌ಗೆ ಓಗಿ ಸೋಸ್ಕಂಡು ಬರ್ಬೇಕಂತೆ. ಇದ್ರದ್ದು ಕಾಲುವೆ ಏರಿ ಒಡ್ದಂಗೆ, ಗದ್ದೆ ಬುಟ್ಟು ಪಕ್ಕಕ್ಕೇ ಅರಿತದೆ. ಬಾಡು, ಮೊಟ್ಟೆ ಏನ್ ತಿಂದ್ರೂ ಅದ್ರ ನಂಜು ಸೀದಾ ತಲೆಗೇ. ಆಪ್ರೇಸನ್ ಮಾಡಿ ಆ ನರ ಮುಚ್ಬೋದಂತೆ. ಅಲ್ಲೀಗಂಟ ಮೊಸ್ರನ್ನ ಇಕ್ಕು ಅಂದ್ರು. ಈಗ ಎದ್ದು ಬಾಲ ಆಡುಸ್ತಾ ಅದೆ.

ಅಂಗಂದ್ಬುಟ್ಟು ನೀನು ಸಾಚಾ ಆಗ್ಬುಟ್ಯಾ? ಬಾಡಿಕ್ಕಿದೋನು ಯಾರ್ಲಾ? ಅದೇ ಅಲ್ವಾ ವಿಷ ಆದದ್ದು? ನಾನೂ ಇಕ್ದೆ, ಸರಿ! ನಾನು ಬದುಕ್ಲಿ ಅಂತ ಇಕ್ದೆ. ನೀನು? ಪ್ರೀತಿಗಾ? ಓಹೋ! ಬೇಗೂರು ಬೀರಯ್ಯನ ಅಟ್ಟಿಯಿಂದ ಎರಡ್ ಮರೀನೂ ಒಂದೇ ಚೀಲದಲ್ಲಿ ಆಕ್ಕಂಡು, ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ಬನ್ನು ತಿನ್ನಿಸ್ಕಂಡು ಬಂದೋರು ನಾವು. ಕೆಂಚ ನಂಗೆ, ಕರಿಯ ನಿಂಗೆ... ಆ ಮಾತ್ಯಾಕೆ ಈಗ. ಬುಡು.

ಬಾಯ್ಮಾತು ಬ್ಯಾಡ ನಂಗೆ. ಇಗಾ ಕರ್ಪೂರ, ಪೊಟ್ಣಾನೇ ತಂದಿವ್ನಿ. ಮಾದಪ್ಪನ ಪಟ ಇಲ್ಲೇ ಅದೆ. ಅಚ್ಚು. ‘ನಿನ್ ನಾಯ್ಗೆ ನಾನು ಕೇಡು ಮಾಡಿಲ್ಲ’ ಅಂತ ಅಂಗೈಲಿ ಆರ್ಸು. ಸುಳ್ಳಾಣೆ ಮಾಡಿದೋನ ಮನೇಲಿ ದೀಪ ಅಚ್ಚೋರು ಉಳಿಯಾಕಿಲ್ಲ, ಗೊತ್ತಲ್ಲ? ಯಾಕೆ, ಎದರ್ಕಂಡ್ಯಾ? ಎದರ್ಕಂಡ, ನೋಡು! ಕಳ್ಳನ್ ಮನಸ್ಸು ಉಳ್ಳುಳ್ಳಗೆ... ಆಂ? ಅಚ್ತೀಯಾ?

ಅಯ್ಯಪ್ಪಾ... ಆರ್ಸೇಬುಟ್ಟ.

ಆಯ್ತು. ಆಯ್ತು ಬುಡು, ನಂಬುದೆ. ನಾನಿನ್ ಬತ್ತೀನಿ... ಕೈ ಬುಡ್ಲಾ. ಇನ್ನೊಂದ್ ಬಿಲ್ಲೆ ಯಾಕೆ ತಗಂಡೆ? ಯಾರಿಗದು? ಅಚ್‌ಬುಟ್ಟು ನನ್ ಮುಂದಕ್ಯಾಕೆ ತಳ್ತೀಯ? ನಾನೇನ್ಲಾ ಆಣೆ ಮಾಡ್ಬೇಕು? ಕುಮಾರೀ, ನಿನ್ ಗಂಡಂಗೆ ಒಂದ್ ಮಾತು ಯೋಳವ್ವ... ಅತ್ತು ಅತ್ತು ಕಣ್ ಊದದೆ ಅವ್ಳಿಗೆ. ಕರಿಯನ ಸರಪಳಿ ತಂದು ಯಾಕವ್ವ ಕರ್ಪೂರದ ಪಕ್ಕಕ್ಕೆ ಇಕ್ದೆ?

ಏನ್ ನೋಡ್ತಿದ್ದೀಯ ಪುಟ್‌ಮಾದು? ನನ್ ಕೈಯಾ? ಹೂಂ... ಇವತ್ತು ಕರಿಯನ್ನ ಗದರ್ಸೋ ಕೋಲು ತರ್ನಿಲ್ಲ. ದಿನಾ ಬೀದೀಲೇ ನಿಂತು ‘ಕರಿಯನ್ನ ಕಟ್ಲಾ, ಒಳಿಕೆ ಬತ್ತೀನಿ’ ಅಂತ ಕೂಗೋನು ಇವತ್ತು ಕೂಗ್ನಿಲ್ಲ. ಸೀದಾ ಬಂದು ಕುಂತ್ಬುಟ್ಟೆ. ಕರಿಯ ಎಲ್ಲಿ ಅಂತಾನೂ ಕೇಳ್ನಿಲ್ಲ. ಮೈಸೂರಿಂದ ಬಂದೋನಿಗೆ ಕರಿಯ ಸತ್ತದ್ದ ಯಾರೂ ಯೋಳಿಲ್ಲ, ಇವನ್ಗೆಂಗೆ ಗೊತ್ತು ಅಂತ... ಅದ್ಕೇ ನೋಡ್ತಿದ್ದೀಯಾ?

ನನ್ ಕೆಂಚ ಗೋಡೆಗೆ ತಲೆ ಒತ್ಕಂಡು ನಿಂತಿತ್ತು ಕಣ್ಲಾ. ಇತ್ಲಾಗೆ ನೀನು ಜಗ್ಲೀಲಿ ಕರಿಯನ ಕಿವಿ ಕೆರಕಂಡು ಕುಂತಿದ್ದೆ. ನಂಗೆಂಗ್ ಗೊತ್ತಾಗ್ಬೇಕಿತ್ತು ಅದು ನರ ಅಂತ? ಕರಿಯನ್ಗೆ ನಾನಿಕ್ದಾಗ ಇನ್ನೂ ಸ್ಕ್ಯಾನೇ ಮಾಡ್ಸಿರ್ನಿಲ್ಲ...

ಬಯ್ಯಿ. ಒಡಿ ನನ್ನ. ಉರೀತಾನೇ ಅದೆ ಕಣ್ಲಾ ಇದು... ಕೈ ಮುಂದುಕ್ಕೋಗ್ತಾ ಇಲ್ಲ. ಬಾಗ್ಲು ತೆಗ್ದೇ ಅದಲ್ಲ, ಒಂದಿಷ್ಟು ಗಾಳಿನಾದ್ರೂ ಬರ್‌ಬಾರ್ದಾ...